ನೀರು ನೋಡುತ್ತಿದ್ದ ತಾತ

ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗಿನ ನೀರು ಕುಲುಕುವ ಸದ್ದು. ಮೊನ್ನೆ ದೊಡ್ಡಬಳ್ಳಾಪುರದ ಅಂಗಡಿಯಲ್ಲಿ ಕಾಯಿ ಆರಿಸುತ್ತಿದ್ದಾಗ ಅದು ಕೇಳಿ, ಕೈ ಹಾಗೇ ನಿಂತುಬಿಟ್ಟಿತು. ತೂಬಗೆರೆ ಹತ್ತಿರದ ನಮ್ಮ ಹೊಲದಲ್ಲಿ ಬಾವಿಗೆ ಪಾಯಿಂಟ್ ತೋರಿಸಲು ಬೇರೆ ಊರಿನಿಂದ ಬರುತ್ತಿದ್ದ ತಾತ ಮೊದಲು ಹೀಗೇ ಕಾಯಿ ಕುಲುಕಿ ನೋಡುತ್ತಿದ್ದರು... ಆಮೇಲೆ ಅದನ್ನು ಅಂಗೈ ಮೇಲೆ ಅಡ್ಡ ಮಲಗಿಸಿಕೊಂಡು ನಡೆಯುವರು. ನೆಲದಡಿ ನೀರಿದ್ದ ಕಡೆ ಕಾಯಿ ಎದ್ದು ನಿಲ್ಲುತ್ತಿತ್ತು.

ನಾನಾಗ ಕಾನ್ವೆಂಟಿನ ಹಾಸ್ಟೆಲಿನಿಂದ ಹಾಲಿಡೇಸ್‌ಗೆ ಬಂದಿದ್ದೆ. ಟೆಸ್ಟ್ ಮಾಡದೆ ಏನನ್ನೂ ನಂಬಬೇಡಿ ಎನ್ನುತ್ತಿದ್ದರು ನಮ್ಮ ಸೈನ್ಸ್ ಸಿಸ್ಟರ್. ಕಾಯಿ ಎದ್ದ ಕಡೆ ಅಪ್ಪ ಗೂಟ ಹೊಡೆಸಿ ಕಾಫಿಗೆ ಹೋದಾಗ, ನಿಮ್ಮ ಕಣ್ಣು ಕಟ್ಟಿ ನೋಡಲೇ ತಾತ ಎಂದೆ. ನಕ್ಕು, ನನ್ನ ಸ್ಕಾರ್ಫಿಗೆ ತಲೆ ಬಗ್ಗಿಸಿದರು. ಮೂರು ಸುತ್ತು ತಿರುಗಿಸಿ ಬಿಟ್ಟೆ. ಕಾಯಿ ಅಲುಗಲೇ ಇಲ್ಲ. ಆದರೆ ಬರಿಗಾಲಲ್ಲಿ ತಡವಿಕೊಂಡು ಹೋಗಿ, ಗೂಟದಿಂದ ಒಂದು ಮಾರು ಈಚೆಗೆ ನಿಂತರು.

“ಕಾಯಿ ನಿಮ್ಮಪ್ಪಾರಿಗೆ, ಅಮ್ಮಣ್ಣಿ. ನಂಗೆ ಕಾಲೇ ಸಾಕು.”

ಬೆಳಗಿನ ತಂಪು ಎಲ್ಲಿ ತಡವಾಗಿ ಆರುತ್ತದೆ, ಹುತ್ತ ಎಲ್ಲೆದ್ದಿದೆ, ಅತ್ತಿಮರ ಯಾವ ಕಡೆ... ಅದನ್ನೆಲ್ಲ ನೋಡಿ, ತುಳಿದು ತಿಳಿಯುತ್ತಿದ್ದರಂತೆ. ಆಮೇಲೆ ಬೆರಳಲ್ಲಿ ಕಾಯಿಯನ್ನು ಮೆಲ್ಲಗೆ ಎಬ್ಬಿಸುವುದು. ಕಾಲು ಹೇಳಿತೆಂದರೆ ಯಾರೂ ಕರೆಯುವುದಿಲ್ಲ, ಕಾಯಿ ಹೇಳಿತೆಂದರೆ ಹತ್ತೂರಿನವರು ಕರೆಯುತ್ತಾರೆ ಎಂದರು. “ಯಾರ್ಗೂ ಅನ್ಬೇಡಿ. ಹೊಟ್ಟೆಪಾಡು.” ಆ ಸೀಕ್ರೆಟ್ ನಾನು ಅಮ್ಮನಿಗೂ ಹೇಳಲಿಲ್ಲ. ಬಾವಿಯಲ್ಲಿ ಮೂರಾಳುದ್ದಕ್ಕೇ ನೀರು ಬಂತು.

ನನಗೆ ಮದುವೆಯಾದ ಮೇಲೆ ಆ ಬಾವಿ ಬತ್ತಿತು. ಬೋರ್‌ವೆಲ್ ಹಾಕಿಸಿದರು, ಒಂದಾದ ಮೇಲೊಂದು ನಾಲ್ಕು, ಅವೂ ಬತ್ತಿದವು. ನಾನು ತವರಿಗೆ ಬಂದಿದ್ದಾಗಲೇ ಐದನೆಯದಕ್ಕೆ ಅಪ್ಪ ತಾತನನ್ನು ಕರೆಸಿದರು. ಕೊರೆಯುವ ಲಾರಿ ಆಗಲೇ ಬಂದು ನಿಂತಿತ್ತು. ತಾತ ಎರಡು ಸುತ್ತು ಹಾಕಿದರು. ಬೆರಳು ಒಂದಿಷ್ಟು ಆಡಿಸಿದ್ದರೆ ಸಾಕಿತ್ತು, ಎಲ್ಲರೂ ಖುಷಿಯಾಗುತ್ತಿದ್ದರು.

“ಗೌಡ್ರೇ, ಇಷ್ಟು ದಿನ ಕಾಯಿ ಎಬ್ಬಿಸ್ತಿದ್ದೋನು ನಾನೇಯ. ಕಾಲಿಗೆ ತಿಳೀತಿತ್ತು. ಈಗ ಏನೂ ತಿಳೀತಿಲ್ಲ. ಕೊರೀಬೇಡಿ.”

“ಮುದುಕಂಗೆ ಅರಳುಮರಳು ಕಣ್ಲಾ” ಎಂದ ಲಾರಿಯವನೊಬ್ಬ. ಅಪ್ಪ ಮುಖ ತಿರುಗಿಸಿ, ಲಾರಿ ನಿಂತಲ್ಲೇ ಕೊರೆಯಲು ಹೇಳಿದರು. ಸಂಜೆಯವರೆಗೆ ಬಂದದ್ದು ಬಿಳಿ ಧೂಳು. ಆದರೂ ತಾತನನ್ನು ಮತ್ತೆ ಯಾರೂ ನೀರು ನೋಡಲು ಕರೆಯಲಿಲ್ಲ.

ಅಂದು ಬಸ್ ಸ್ಟಾಪಿನವರೆಗೆ ಅವರ ಜೊತೆ ನಡೆದೆ. ಇದ್ದ ನೀರು ಎಲ್ಲಿಗೆ ಹೋಯಿತು ತಾತ ಎಂದು ಕೇಳಿದೆ.

“ನಿಮ್ಮನ್ನೇ ಕೇಳಾನ ಅಂತಿದ್ದೆ ಅಮ್ಮಣ್ಣಿ. ಓದ್ದೋರು ನೀವು.”

ಈಗ ಪ್ರಪಂಚದ ಎಷ್ಟೋ ಕಡೆ ನೆಲದಡಿಯ ನೀರು ಇಳಿಯುತ್ತಿದೆಯೆಂದು ಸ್ಯಾಟಲೈಟ್‌ಗಳು ಆಕಾಶದಿಂದಲೇ ಕಂಡುಹಿಡಿಯುತ್ತವಂತೆ. ಪೇಪರಿನಲ್ಲಿ ಬಂದದ್ದನ್ನೆಲ್ಲ ಎರಡೆರಡು ಸಲ ಓದುತ್ತೇನೆ. ಉತ್ತರ ಅಷ್ಟಿಷ್ಟು ಸಿಕ್ಕಿದೆ, ಕೇಳಿದವರು ಇಲ್ಲ... ಅಂದು ಬಸ್ಸಿನಲ್ಲಿ ತುಂಬ ಜನ. ತಾತ ಹಿಂದಿನ ಬಾಗಿಲಲ್ಲಿ ಹತ್ತಿದರು. ಸೀಟು ಸಿಕ್ಕಿತೋ ಇಲ್ಲವೋ, ನನಗೆ ಕಾಣಲಿಲ್ಲ.