ನೀಲಾಳ ಪರೀಕ್ಷೆಗೆ ಕಮಲಾದೇವಿಯ ದವಡೆ

ಕಾಶಿಯ ಜಂಗಮವಾಡಿಯ ನೀಲಾ ದಂತವೈದ್ಯರೊಬ್ಬರಲ್ಲಿ ಎಕ್ಸ್‌ರೇ ತೆಗೆಯುತ್ತಿದ್ದಳು. ಕೆಲಸ ಕೈಗೆ ಹತ್ತಿತ್ತು, ಪ್ರಮಾಣಪತ್ರವಿರಲಿಲ್ಲ. ೧೯೯೨ರಲ್ಲಿ ವೈದ್ಯರು ಕಡ್ಡಿ ಮುರಿದಂತೆ ಹೇಳಿಬಿಟ್ಟರು: ತರಬೇತಿ ಮುಗಿಸಿ ಪಾಸಾದರೆ ಕೆಲಸ, ಇಲ್ಲದಿದ್ದರೆ ಇಲ್ಲ.

ತರಬೇತಿಯಲ್ಲಿ ಮೊದಲು ಕಲಿಸಿದ್ದೇ ಅವಳ ತಪ್ಪನ್ನು. ಬಾಯೊಳಗಿನ ಫಿಲ್ಮನ್ನು ರೋಗಿಯೇ ಬೆರಳಿನಿಂದ ಒತ್ತಿ ಹಿಡಿಯಬೇಕು. ತೆಗೆಯುವವರು ಹಿಡಿದರೆ ದಿನವೂ ಕಿರಣ ಅವರ ಕೈಗೇ ಬೀಳುತ್ತದೆ. ನೀಲಾ ಇಷ್ಟು ವರ್ಷವೂ ತಾನೇ ಹಿಡಿದಿದ್ದಳು. ಅದಕ್ಕೆ ಕಾರಣವೂ ಇತ್ತು: ಬಲಗಡೆಯ ಹಲ್ಲಾದರೆ ರೋಗಿ ಎಡಗೈಯಲ್ಲಿ ಹಿಡಿಯಬೇಕು. ಕಾಶಿಗೆ ಬಂದ ಯಾವ ಯಾತ್ರಿಕ ಎಡಗೈ ಬಾಯಿಗೆ ಹಾಕಿಯಾನು?

ಪರೀಕ್ಷೆಗೆ ರೋಗಿಯನ್ನು ಅಭ್ಯರ್ಥಿಯೇ ಕರೆತರಬೇಕಿತ್ತು. ಚಿಗವ್ವ ಕಮಲಾದೇವಿಗೆ ಬಲದವಡೆ ನೋವು. ಅವಳ ಜೊತೆಗೆ ಗಂಡ, ಜಂಗಮವಾಡಿ ಮಠದ ಉಗ್ರಾಣ ನೋಡಿಕೊಳ್ಳುವ ಅನ್ನದಾನಯ್ಯನೂ ರಿಕ್ಷಾ ಹತ್ತಿದ.

ಪರೀಕ್ಷಕರು ಡಾಕ್ಟರ್ ಬದರೀನಾರಾಯಣ. ಅವರದೂ ಕನ್ನಡದ ಮನೆಯೇ. ಅಭ್ಯರ್ಥಿಯ ಬೆರಳು ರೋಗಿಯ ಬಾಯಲ್ಲಿ ಕಂಡರೆ ಫೇಲು ಎಂದು ಮೊದಲೇ ಸಾರಿದ್ದರು.

“ಚಿಗವ್ವಾ, ಎಡಗೈಲೆ ಇದನ್ನ ಒತ್ತಿ ಹಿಡಿ.”

“ಎಡಗೈಲೆ? ಬಾಯಾಗ? ನಿನಗ ತಲಿ ನೆಟ್ಟಗೈತೇನ?”

“ತೊಳ್ಕೊಂಡೀಯಲ್ಲ.”

“ಗಂಗಾದಾಗ ಅದ್ದಿದ್ರೂ ಅದು ಎಡಗೈನ!”

ರೂಢಿಯಂತೆ ನೀಲಾಳ ಬೆರಳು ಚಿಗವ್ವನ ಬಾಯಿಯತ್ತ ಹೊರಟಿತು. ಬದರೀನಾರಾಯಣರು ಕೆಮ್ಮಿದರು. ಅವಳು ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

“ಅಬ್ ಕ್ಯಾ ಕರೋಗಿ?” ಈಗೇನು ಮಾಡುತ್ತಿ ಎಂದು ಅವರು ಪರೀಕ್ಷೆಯ ಭಾಷೆಯಾದ ಹಿಂದಿಯಲ್ಲಿಯೇ ಕೇಳಿದರು.

ರೋಗಿಯಿಂದ ಆಗದಿದ್ದರೆ ಜೊತೆಗೆ ಬಂದವರು ಹಿಡಿಯಬಹುದು, ಕಿರಣ ತಡೆಯುವ ಸೀಸದ ಏಪ್ರನ್ ತೊಟ್ಟು. ನೀಲಾಳಿಗೆ ಪಾಠ ನೆನಪಾಯಿತು.

“ಕಾಕಾ, ಒಳಗ ಬರ್ರಿ!”

“ಅಕ್ಕಿ ಚೀಲ ಕೊಳ್ಳಾಗ ಕಟ್ಟಿದಂಗ ಆತಲ್ಲವ್ವಾ,” ಎಂದು ಏಪ್ರನ್ನಿನೊಳಗೆ ಕುಗ್ಗಿದ ಅನ್ನದಾನಯ್ಯ, ಹೆಂಡತಿಯ ತೆರೆದ ಬಾಯಿ ನೋಡಿ ಹಿಂಜರಿದ. “ಕಚ್ಚಿದ್ರ?”

“ನಿನ್ನೆ ಸಾರಿನಾಗ ಉಪ್ಪಿಲ್ಲ ಅಂದ್ರಲ್ಲ, ಅದಕ್ಕ ಕಚ್ತೀನಿ.”

ಕೊನೆಗೂ ಬೆರಳು ಒಳಗೆ ಹೋಯಿತು. ನೀಲಾ ದೂರ ಸರಿದು ಯಂತ್ರದ ಗುಂಡಿಗೆ ಕೈಯಿಟ್ಟಳು. ಹೆಂಡತಿ ಈಗ ಮಾತಾಡುವಂತಿಲ್ಲ ಎಂಬುದು ಅನ್ನದಾನಯ್ಯನಿಗೆ ಆಗ ಹೊಳೆಯಿತು.

“ಉಪ್ಪು ಇರಲೇ ಇಲ್ಲ,” ಎಂದ, ನಿಧಾನವಾಗಿ.

ಕಮಲಾದೇವಿಯ ಕಣ್ಣು ಕೆಂಪಾಯಿತು, ದವಡೆ ಅಲುಗಲಿಲ್ಲ. ನೀಲಾ ಗುಂಡಿ ಒತ್ತಿದಳು.

ತೊಳೆದು ತಂದ ಫಿಲ್ಮಿನಲ್ಲಿ ಹಲ್ಲು ಬೇರುಸಹಿತ ಸ್ವಚ್ಛವಾಗಿ ಮೂಡಿತ್ತು.

“ನೀಲವ್ವಾ, ಇನ್ನೊಂದು ಸಲ ತೆಗಿ,” ಎಂದ ಅನ್ನದಾನಯ್ಯ. “ನಂದಿನ್ನೂ ಮಾತು ಮುಗಿದಿಲ್ಲ.”

“ಆಗಂಗಿಲ್ಲ ಕಾಕಾ. ಚೊಲೋ ಬಂದ ಮ್ಯಾಲ ಸುಮ್ನ ಮತ್ತೊಮ್ಮೆ ಕಿರಣ ಬಿಡಬಾರದು.”

ಬದರೀನಾರಾಯಣರು ಕೊನೆಗೆ ಕೇಳಬೇಕೆಂದಿದ್ದ ಪ್ರಶ್ನೆಗೆ ಉತ್ತರ ಅದೇ. ಕೇಳದೆಯೇ ‘ಉತ್ತೀರ್ಣ’ ಎಂದು ಬರೆದು ಸಹಿ ಹಾಕಿದರು. ಅಷ್ಟರಲ್ಲಿ ಕುರ್ಚಿಯಿಂದಿಳಿದು ಮಾತು ಶುರುಮಾಡಿದ ಕಮಲಾದೇವಿ, ರಿಕ್ಷಾ ಜಂಗಮವಾಡಿ ಮುಟ್ಟಿದರೂ ನಿಲ್ಲಿಸಲಿಲ್ಲ.