ಮತ್ತಿಮರದ ಕೆಳಗೆ ಬಿದ್ದ ಕಲ್ಲು

ನಮ್ಮ ಮನೆಯ ದೇವರ ಜಗುಲಿಯ ಮೇಲಿದ್ದ ಕಪ್ಪು ಕಲ್ಲು ಆಕಾಶದಿಂದ ಬಿದ್ದದ್ದೆಂದು ನಾನು ಮದುವೆಯಾಗಿ ಬಂದಂದಿನಿಂದ ನಂಬಿದ್ದೆ. ನಿಮ್ಮ ಅಪ್ಪನೂ ಹಾಗೇ ನಂಬಿ ಬೆಳೆದ. ಹಾಗಲ್ಲವೆಂದು ಗೊತ್ತಾದದ್ದು ಈಚೆಗೆ. ಆ ಕತೆ ಹೇಳು ಎಂದು ನೀವು ಮೊಮ್ಮಕ್ಕಳು ಸುತ್ತ ಕೂತುಬಿಡುತ್ತೀರಿ. ಅಷ್ಟು ಕಣ್ಣುಗಳು ನನ್ನನ್ನೇ ನೋಡುತ್ತಿದ್ದರೆ ಮಾತು ಅರ್ಧಕ್ಕೇ ನಿಲ್ಲುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಕಲ್ಲು ಅಂಗೈಯಷ್ಟು ಉದ್ದ. ಒಂದು ತುದಿ ಮೊಂಡು, ಇನ್ನೊಂದು ತುದಿ ತೆಳ್ಳಗೆ, ಅಗಲವಾಗಿ. ಎಣ್ಣೆ ಹಚ್ಚಿ ಒರೆಸಿದಂತೆ ನುಣುಪು. ಗುಂಜಿಯ ಹತ್ತಿರದ ನಮ್ಮ ಊರಿನಲ್ಲಿ, ನನ್ನ ಅತ್ತೆ ಹೊಸ ಸೊಸೆಯಾಗಿದ್ದಾಗ, ಒಂದು ಮಧ್ಯಾಹ್ನ ಮಳೆಗಾಲಕ್ಕೆ ಮುಂಚಿನ ಅಡ್ಡಮಳೆಯಲ್ಲಿ ಸಿಡಿಲು ಹೊಡೆಯಿತಂತೆ. ಹುಲ್ಲು ಕೊಯ್ಯಲು ಹೋಗಿದ್ದ ಅತ್ತೆಗೆ ಹೊಲದ ಮೂಡಲ ಬದಿಯ ಮತ್ತಿಮರದ ಬುಡದಲ್ಲಿ ಈ ಕಲ್ಲು ಸಿಕ್ಕಿತಂತೆ. ಸೆರಗಿನಲ್ಲಿ ಕಟ್ಟಿಕೊಂಡು ಮನೆಗೆ ತಂದಾಗ ಇನ್ನೂ ಬೆಚ್ಚಗಿತ್ತಂತೆ. ಮಾವನ ಮನೆಯವರು ಕೊರಳಲ್ಲಿ ಲಿಂಗ ಕಟ್ಟಿಕೊಂಡವರು. ಮನೆಯೊಳಗೆ ಬೇರೆ ದೇವರನ್ನು ಬಿಟ್ಟುಕೊಳ್ಳುವವರಲ್ಲ. ಆದರೆ ಮೇಲಿನಿಂದ ಬಂದದ್ದನ್ನು ಬೇಡವೆನ್ನುವುದು ಹೇಗೆ? ಮಾವನ ತಂದೆಯೇ ಅದಕ್ಕೆ ವಿಭೂತಿ ಹಚ್ಚಿ ಜಗುಲಿಯ ಮೂಲೆಯಲ್ಲಿಟ್ಟರಂತೆ. ಅಂದಿನಿಂದ ವರ್ಷದ ಮೊದಲ ಗುಡುಗು ಕೇಳಿದ ಕೂಡಲೇ ಮನೆಯ ಹೆಂಗಸು ಕಲ್ಲನ್ನು ತೊಳೆದು ಹೊಸ್ತಿಲ ಮೇಲೆ ಇಡಬೇಕು. ಸಿಡಿಲು ತನ್ನ ಕಲ್ಲಿನ ಗುರುತು ಹಿಡಿದು ಮುಂದಕ್ಕೆ ಹೋಗುತ್ತದೆ ಎಂಬ ನಂಬಿಕೆ.

ಅತ್ತೆ ಮಾವ ಹೋದ ಮೇಲೆ ಅಣ್ಣತಮ್ಮಂದಿರು ಬೇರೆಯಾದರು. ಮೂಡಲ ಬದಿಯ ಹೊಲ ನಿಮ್ಮ ಅಜ್ಜನ ಪಾಲಿಗೆ ಬಂತು. ಕಲ್ಲು ಯಾರ ಹೊಲದಲ್ಲಿ ಬಿದ್ದಿತ್ತೋ ಅವರಿಗೇ ಸೇರಬೇಕೆಂದು ಊರ ಹಿರಿಯರು ತೀರ್ಮಾನಿಸಿದರು. ನಿಮ್ಮ ಅಜ್ಜನಿಗೆ ಬೆಳಗಾವಿಯಲ್ಲಿ ನೌಕರಿ ಸಿಕ್ಕಾಗ ಅದು ನಮ್ಮ ಪಾತ್ರೆಪಗಡಗಳ ಜೊತೆ ಅಲ್ಲಿನ ಸದಾಶಿವನಗರಕ್ಕೆ ಬಂತು. ನನ್ನ ನೆಗೆಣ್ಣಿ, ಎಂದರೆ ನಿಮ್ಮ ಅಜ್ಜನ ಅಣ್ಣನ ಹೆಂಡತಿ, ನೀವು ದೊಡ್ಡಾಯಿ ಎನ್ನುವವರು, ಏನೂ ಅನ್ನಲಿಲ್ಲ. ಮರುವರ್ಷ ಅವರ ಅಂಗಳದ ತೆಂಗಿಗೆ ಸಿಡಿಲು ಹೊಡೆದು ಮರ ಸುಟ್ಟುಹೋಯಿತು. ಆಗಲೂ ಏನೂ ಅನ್ನಲಿಲ್ಲ. ಆದರೆ ಅವರು ನಮ್ಮ ಮನೆಯೊಳಗೆ ಕಾಲಿಡುವುದನ್ನು ಬಿಟ್ಟರು. ಮದುವೆಗೆ, ತೊಟ್ಟಿಲಿಗೆ ಕರೆದರೆ ಮಗನನ್ನು ಕಳಿಸುತ್ತಿದ್ದರು. ನಿಮ್ಮ ಅಜ್ಜ ತೀರಿಕೊಂಡಾಗ ಮಾತ್ರ ಬಂದರು. ಅಂಗಳದಲ್ಲೇ ಕುರ್ಚಿ ಹಾಕಿಸಿಕೊಂಡು ಕೂತರು, ನನ್ನ ಕೈ ಹಿಡಿದು ಅತ್ತರು, ಸಂಜೆಯ ಗಾಡಿಗೆ ಹೊರಟುಬಿಟ್ಟರು.

ಒಂದೇ ಒಲೆಯ ಮುಂದೆ ಕೂತು ನಾವಿಬ್ಬರೂ ನಕ್ಕ ದಿನಗಳು ಎಷ್ಟೋ. ನನಗೆ ಅಡಿಗೆ ಕಲಿಸಿದವರು, ಬಾಣಂತನ ಮಾಡಿದವರು ಅವರೇ. ಅವರು ಒಮ್ಮೆ ಒಳಗೆ ಬಂದು ನನ್ನ ಅಡಿಗೆಮನೆಯಲ್ಲಿ ಕೂರಬೇಕೆಂಬುದೊಂದೇ ನನ್ನ ಆಸೆಯಾಗಿತ್ತು. ಕಲ್ಲಿಗಾಗಿ ಅವರಿಗೆ ಸಿಟ್ಟಿದೆಯೆಂದು ನಾವೆಲ್ಲ ತಿಳಿದುಕೊಂಡಿದ್ದೆವು. ಕೊಟ್ಟುಬಿಡೋಣವೆಂದರೆ ಹಿರಿಯರ ಮಾತು ಮೀರಲು ನಿಮ್ಮ ಅಜ್ಜ ಒಪ್ಪುತ್ತಿರಲಿಲ್ಲ. ಅವರು ಹೋದ ಮೇಲೆ ಈ ಮಾತನ್ನು ಎಲ್ಲಿಂದ ಎತ್ತಬೇಕೆಂದು ನನಗೆ ತಿಳಿಯಲಿಲ್ಲ.

ನಿಮ್ಮಲ್ಲಿ ಹಿರಿಯಳು ಕಾಲೇಜಿನಲ್ಲಿ ಇತಿಹಾಸ ತೆಗೆದುಕೊಂಡಿದ್ದಾಳಲ್ಲ, ಅವಳ ಮೇಡಂ ಒಂದು ರವಿವಾರ ಚಹಾಕ್ಕೆ ಬಂದರು. ಜಗುಲಿಗೆ ಕೈ ಮುಗಿಯಲು ಹೋದವರು ಕಲ್ಲನ್ನು ನೋಡಿ ಅಲ್ಲೇ ನಿಂತರು. ಹೊರಗಿನವರು ಬಂದಾಗ ನಾನು ಎಲ್ಲಿರುತ್ತೇನೆಂದು ನಿಮಗೆ ಗೊತ್ತು, ಅಡಿಗೆಮನೆಯ ಪರದೆಯ ಹಿಂದೆ.

"ಇದನ್ನ ಕೈಯಾಗ ತಗೋಬಹುದೇನ್ರಿ?" ಎಂದು ಕೇಳಿ, ಎತ್ತಿಕೊಂಡು, ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. "ಇದು ಕೊಡ್ಲಿರಿ. ಕಬ್ಬಿಣ ಗೊತ್ತಿಲ್ಲದ ಕಾಲದ ಮಂದಿ ಉಜ್ಜಿ ಉಜ್ಜಿ ಮಾಡಿದ್ದು. ಭಾಳ ಊರಾಗ ಇಂಥಾವು ಸಿಡಿಲಗಲ್ಲು ಅಂತ ಮನ್ಯಾಗ ಇಟ್ಟಿರ್ತಾರ. ಗಿಡದ ಬುಡಕ ಇಟ್ಟು ಲಿಂಗ ಅಂತ ಪೂಜಿ ಮಾಡವರೂ ಅದಾರ."

ನನಗೆ ಬೇಸರವೇನೂ ಆಗಲಿಲ್ಲ, ಸೋಜಿಗವಾಯಿತು. ನಮ್ಮ ಹುಡುಗಿ ಚಹಾದ ಕಪ್ಪುಬಸಿ ಒಯ್ಯಲು ಒಳಗೆ ಬಂದಾಗ ಅವಳ ಕಿವಿಯಲ್ಲಿ ಹೇಳಿದೆ: "ನಮ್ಮ ಹೊಲದಾಗ ಎಲ್ಲಾ ಕೆಂಪು ಜಂಬಿಟ್ಟಿಗಿ ಕಲ್ಲು. ಇಂಥಾ ಕರಿ ಕಲ್ಲು ಇನ್ನೊಂದು ನಾ ಕಂಡಿಲ್ಲ. ಎಲ್ಲಿಂದ ತಂದು ಮಾಡಿದ್ರಂತ ಕೇಳು."

ಅವಳು ಅಲ್ಲಿಂದಲೇ ಕೂಗಿದಳು, "ಮೇಡಂ, ನಮ್ಮ ಆಯಿ ಒಂದು ಮಾತು ಕೇಳಾಕತ್ತಾರ! ಇದು ಸಿಕ್ಕ ನಮ್ಮ ಹೊಲದಾಗ ಇಂಥಾ ಕರಿ ಕಲ್ಲು ಇಲ್ಲಂತ, ಎಲ್ಲಿಂದ ತಂದು ಮಾಡಿದ್ರಂತ?"

ಮೇಡಂ ಪರದೆಯ ಕಡೆ ತಿರುಗಿ, ಕಿವುಡರಿಗೆ ಹೇಳುವ ಹಾಗೆ ಗಟ್ಟಿಯಾಗಿ, "ಛಲೋ ಕೇಳಿದ್ರಿ ಆಯಾರ!" ಎಂದರು.

"ಅವರಿಗೆ ಕಿವಿ ಕೇಳ್ತಾವ್ರಿ ಮೇಡಂ. ನಾಚಿಕಿ ಅಷ್ಟ."

ಮೇಡಂ ನಕ್ಕು ದನಿ ಇಳಿಸಿದರು. "ಅದು ನನಗೂ ಗೊತ್ತಿಲ್ರಿ. ಅಲ್ಲೇ ಮಾಡಿದ್ರ ಕಲ್ಲಿನ ಚಕ್ಕಿ ಚೂರು ಸುತ್ತಮುತ್ತ ಸಿಗಬೇಕಿತ್ತು. ಸಿಕ್ಕಿಲ್ಲ ಅಂದ್ರ ಬ್ಯಾರೆ ಕಡೆಯಿಂದ ಬಂದಿರಬೇಕು. ಅಲ್ರಿ, ನಿಮ್ಮ ಹೊಲದಾಗ ಸಿಕ್ಕಿದ್ದನ್ನ ಕಣ್ಣಾರೆ ಕಂಡವರು ಯಾರದಾರ?"

ಅವರು ಹೋದ ಮೇಲೂ ಆ ಪ್ರಶ್ನೆ ನನ್ನ ಜೊತೆಗೇ ಉಳಿಯಿತು. ಮಾವ ಹೇಳಿದ್ದರು, ನಿಮ್ಮ ಅಜ್ಜ ಹೇಳಿದ್ದರು, ನಾನೂ ಹೇಳುತ್ತ ಬಂದಿದ್ದೆ. ನಾವು ಯಾರೂ ಮತ್ತಿಮರದ ಕೆಳಗೆ ಇರಲಿಲ್ಲ. ಇದ್ದವರು ಅತ್ತೆ ಒಬ್ಬರೇ. ಕಡೆಗಾಲದಲ್ಲಿ ಅವರ ಹಾಸಿಗೆಯ ಪಕ್ಕ ಹಗಲಿರುಳು ಕೂತವರು ನೆಗೆಣ್ಣಿ. ಅವರನ್ನು ಕೇಳಬೇಕು ಎನ್ನಿಸಿತು. ಕಲ್ಲು ನಮ್ಮ ಹೊಲದಲ್ಲಿ ಬಿದ್ದದ್ದೇ ಅಲ್ಲವಾದರೆ ಅದನ್ನು ನಾವೇ ಇಟ್ಟುಕೊಳ್ಳಬೇಕೆಂದೂ ಇಲ್ಲ, ಅವರ ಮನೆಗೇ ಸೇರಿಸಬಹುದು ಎನ್ನಿಸಿತು. ಆದರೆ ಇಷ್ಟು ವರ್ಷ ಇಟ್ಟುಕೊಂಡು, ಈಗ ಬರೀ ಕೊಡಲಿಯೆಂದು ಗೊತ್ತಾದ ಮೇಲೆ ಕೊಡಲು ಬಂದಳು ಎಂದುಕೊಂಡರೆ? ಇದ್ದ ಸಂಬಂಧವೂ ಹೋದರೆ?

ಆದರೂ ಹೊರಟೆ. ಕಲ್ಲನ್ನು ಹಳೆಯ ಟಾವೆಲ್ಲಿನಲ್ಲಿ ಸುತ್ತಿ ಕೈಚೀಲದಲ್ಲಿಟ್ಟುಕೊಂಡು, ಹಿರಿಯಳನ್ನು ಕರೆದುಕೊಂಡು ಲೋಂಡಾ ಕಡೆಯ ಪ್ಯಾಸೆಂಜರ್ ಹತ್ತಿದೆ. ಖಾನಾಪುರ ದಾಟಿ ಕಾಡು ಶುರುವಾದಾಗ ಅವಳು, "ಏನಂತ ಹೇಳ್ತಿ, ಒಮ್ಮಿ ನನ್ನ ಮುಂದ ಹೇಳಿ ತೋರಸು" ಎಂದಳು. ನಾನು ಕಿಟಕಿಯ ಹೊರಗೆ ನೋಡಿದೆ. ಇನ್ನೂ ಅಡ್ಡಮಳೆ ಶುರುವಾಗಿರಲಿಲ್ಲ. ಗಿಡಗಳೆಲ್ಲ ಧೂಳು ಮೆತ್ತಿಕೊಂಡು ನಿಂತಿದ್ದವು.

ನೆಗೆಣ್ಣಿ ಅಂಗಳದಲ್ಲಿ ಗೇರುಬೀಜ ಹರವಿಕೊಂಡು ಆರಿಸುತ್ತ ಕೂತಿದ್ದರು. "ಬಾ ತಂಗಿ. ಶಹರದ ಮಂದಿ, ದಾರಿ ತಪ್ಪಿ ಬಂದ್ರೇನ?" ಎಂದರು. ಹುಡುಗಿಯನ್ನು ನೋಡಿ, "ಇಕಿಗೆ ಊಟಕ್ಕ ಹಾಕತೀರೋ ಇಲ್ಲೋ?" ಎಂದರು. ಒಳಗಿನಿಂದ ಸೊಸೆ ಮಜ್ಜಿಗೆ ತಂದುಕೊಟ್ಟು ಹೋದಳು.

ನಾನು ಟಾವೆಲ್ ಬಿಚ್ಚಿ ಕಲ್ಲನ್ನು ಅವರ ಮುಂದಿಟ್ಟೆ. ಮೇಡಂ ಹೇಳಿದ್ದನ್ನೆಲ್ಲ ಹುಡುಗಿಯೇ ಹೇಳಿದಳು. ನೆಗೆಣ್ಣಿ ಕೇಳಿಸಿಕೊಂಡು ಒಂದು ಗೇರುಬೀಜವನ್ನು ಬುಟ್ಟಿಗೆ ಎಸೆದರು.

"ದೇವರಿದ್ದಾಗ ನಿನ್ನ ಹಂತ್ಯಾಕ ಇತ್ತು. ಕೊಡ್ಲಿ ಆದ ಮ್ಯಾಲೆ ನನಗ ತಂದ್ಯಾ? ಇದರಲೇ ಕಟಗಿ ಒಡೀಲೇನ?"

ನಾನು ಅಂಜಿದ್ದು ಇದೇ ಮಾತಿಗೆ. ಎದ್ದುಹೋಗಬೇಕೆನ್ನಿಸಿತು. ಆದರೆ ಕೇಳದೆ ಹೋದರೆ ಇನ್ನು ಯಾವತ್ತೂ ಕೇಳಲಾರೆ ಎಂದುಕೊಂಡು ಬಾಯಿಬಿಟ್ಟೆ.

"ಅಕ್ಕಾ, ಮತ್ತಿಮರದ ಕೆಳಗ ಬಿದ್ದದ್ದು ಖರೇ ಏನು? ಅತ್ತಿ ನಿಮಗೇನರ ಹೇಳಿದ್ರ?"

ಅವರ ಕೈ ನಿಂತಿತು. ಸೊಸೆ ಹಿತ್ತಲಿಗೆ ಹೋಗಿದ್ದಾಳೆಯೇ ಎಂದು ಬಾಗಿಲ ಕಡೆ ನೋಡಿದರು. ಆಮೇಲೆ ಇದ್ದಕ್ಕಿದ್ದಂತೆ ಸೆರಗು ಬಾಯಿಗಿಟ್ಟುಕೊಂಡು ನಗತೊಡಗಿದರು.

"ಬಿದ್ದಿಲ್ಲ, ಏನಿಲ್ಲ! ಆಕಿ ತವರಮನಿಯಿಂದ ಜ್ವಾಳದ ಚೀಲದಾಗ ಬಂದದ್ದು ಅದು."

ಅತ್ತೆಯ ತವರು ಮಲಪ್ರಭೆ ಹರಿದುಹೋಗುವ ದಿಕ್ಕಿನಲ್ಲಿ, ಎರೆಮಣ್ಣಿನ ಬಯಲಿನಲ್ಲಿ. ಅಲ್ಲಿ ರೊಟ್ಟಿ ತಿಂದು ಬೆಳೆದವರಿಗೆ ಕಾಡಂಚಿನ ಈ ಊರಿನ ಅನ್ನ ಒಗ್ಗಿರಲಿಲ್ಲ, ಗುಡುಗು ಸಿಡಿಲಂತೂ ಒಗ್ಗಿರಲೇ ಇಲ್ಲ. ತವರಿನಿಂದ ಜೋಳ ಬರುತ್ತಿತ್ತು. ಒಮ್ಮೆ ಅವರ ತಾಯಿ ತಮ್ಮ ಮನೆಯ ಸಿಡಿಲುಗಲ್ಲನ್ನು ಕಾಳಿನ ನಡುವೆ ಹುದುಗಿಸಿ ಕಳಿಸಿದರು. ತವರಿನಿಂದ ಬಂದ ದೇವರೆಂದರೆ ಈ ಮನೆಯವರು ಹೊರಗೆ ಇಟ್ಟುಬಿಡುತ್ತಾರೆಂದು ಅತ್ತೆಗೆ ಗೊತ್ತಿತ್ತು. ಕಲ್ಲನ್ನು ಜೋಳದಲ್ಲೇ ಮುಚ್ಚಿಟ್ಟರು. ಮೋಡ ಕವಿದು ಗುಡುಗುವ ಮಧ್ಯಾಹ್ನಕ್ಕಾಗಿ ಕಾದರು. ಆ ದಿನ ಬಂದಾಗ ಅದನ್ನು ಸೊಂಟಕ್ಕೆ ಕಟ್ಟಿಕೊಂಡು, ಗಡಗಡ ನಡುಗುತ್ತಲೇ ಹುಲ್ಲಿಗೆ ಹೋದರು.

"ಬೆಚ್ಚಗಿತ್ತಂತಲ್ಲಕ್ಕಾ?"

"ಹೊಟ್ಟಿಗೆ ಕಟಗೊಂಡಿದ್ಲು. ಬೆಚ್ಚಗ ಇರದ ತಣ್ಣಗ ಇರತದೇನ ಹುಚ್ಚಿ?"

ನಾವು ಮೂವರೂ ನಕ್ಕೆವು. ಅತ್ತೆಯ ಮುಂದೆ ನಾನು ತಲೆ ಎತ್ತಿದವಳಲ್ಲ. ಅವರೂ ಒಂದು ಕಾಲಕ್ಕೆ ಹೆದರಿಕೆಯ ಹುಡುಗಿಯಾಗಿದ್ದರೆಂದು, ಅಂಥ ಉಪಾಯ ಹೂಡಿದ್ದರೆಂದು ತಿಳಿದು ಅವರ ಮೇಲೆ ಹೊಸದಾಗಿ ಪ್ರೀತಿ ಹುಟ್ಟಿತು.

ಹುಡುಗಿ ಮಾತ್ರ ಬಿಡಲಿಲ್ಲ. "ಹಂಗಾದ್ರ ಪಾಲ ಮಾಡೂ ಮುಂದ ಯಾಕ ಹೇಳಲಿಲ್ಲ ದೊಡ್ಡಾಯಿ? ಹಿರೇ ಸೊಸಿ ಅಂತ ಕಲ್ಲು ನಿಮಗ ಸಿಗತಿತ್ತಲ್ಲ?"

"ಹಿರ್ಯಾರ ಮುಂದ ನಿಂತು, ಸತ್ತ ಅತ್ತಿನ್ನ ಸುಳ್ಳಿ ಮಾಡ್ಲ್ಯಾ? ಗಂಡಸರಿಗೆ ತಿಳೀಬಾರದು ಅಂತ ಆಕಿ ನನ್ನ ಕಡಿಂದ ಆಣಿ ಮಾಡಿಸಿದ್ಲು. ಬಾಯಿ ಮುಚ್ಚಿದೆ. ತೆಂಗು ಹೋತು, ಹೋಗಲಿ."

"ಮತ್ತ ನಮ್ಮ ಮನಿಗೆ ಯಾಕ ಬರವಲ್ರಿ?" ಎಂದು ಕೇಳಿದ್ದು ನಾನೇ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು.

ಅವರು ಕಲ್ಲನ್ನು ತೊಡೆಯ ಮೇಲೆ ಇಟ್ಟುಕೊಂಡರು. "ಹೆಂಗ ಬರಲಿ? ಒಳಗ ಬಂದ್ರ ಜಗಲಿ ಮ್ಯಾಲೆ ಇದು ಕಾಣ್ತದ. ನಿನ್ನ ಗಂಡ ಮತ್ತಿಮರದ ಕತಿ ತಗೀತಾನ. ನನಗ ನಗು ತಡಿಯೂದಿಲ್ಲ, ಬಾಯಿ ಮದಲ ತಡಿಯೂದಿಲ್ಲ. ಆಣಿ ಮುರೀತಿತ್ತು. ಅಂವ ಹ್ವಾದ ದಿನಾನೂ ಅಂಗಳದಾಗ ಕುಂತೆ. ಆಮ್ಯಾಲೆ ಬರಾಕ ನೀನೂ ಕರೀಲಿಲ್ಲ, ನಾನೂ ಬರಲಿಲ್ಲ. ನಮ್ಮನಿಯವರೂ ಹ್ವಾದ್ರು, ಈಗ ತಿಳೀಬಾರದ ಗಂಡಸರು ಯಾರೂ ಉಳದಿಲ್ಲ."

ಸಿಟ್ಟೆಂದು ನಾವು ಇಷ್ಟು ವರ್ಷ ತಿಳಿದದ್ದು ಅತ್ತೆಯ ಮಾತು ಉಳಿಸಿಕೊಳ್ಳುವ ಪಾಡಾಗಿತ್ತು. ನಾನು ಅವರ ಪಕ್ಕಕ್ಕೆ ಸರಿದು ಗೇರುಬೀಜ ಆರಿಸತೊಡಗಿದೆ.

"ನಿಮ್ಮ ಅತ್ತಿ ತವರಿಗೆ ಅದು ಎಲ್ಲಿಂದ ಬಂದಿತ್ತು?" ಹುಡುಗಿ ಮತ್ತೆ ಕೇಳಿದಳು.

"ಅವರವ್ವಗ ಅವರ ಅತ್ತಿ ಕೊಟ್ಟಿದ್ಲಂತ. ಅದರ ಹಿಂದಿನದು ನಿಮ್ಮ ಮೇಡಂಗ ಕೇಳು. ಹೊಲದಾಗ ಸಿಕ್ಕಿದ್ದು ಅಂತ ಯಾರರ ಅಂದ್ರ ನಂಬಬ್ಯಾಡ, ಅಷ್ಟ."

ಊಟವಾದ ಮೇಲೆ ನೆಗೆಣ್ಣಿ ಕಲ್ಲನ್ನು ತೊಳೆದು ತಮ್ಮ ಜಗುಲಿಯ ಮೇಲೆ ಇಟ್ಟರು. "ಮಳಿಗಾಲ ಇಲ್ಲಿರಲಿ. ನಿಮ್ಮಲ್ಲಿ ಎತ್ತರದ ಬಿಲ್ಡಿಂಗ್ ಅದಾವ, ಸಿಡಿಲು ಮದಲ ಅಲ್ಲಿ ಹೋಗತದ. ದಸರಾ ಆದ ಮ್ಯಾಲೆ ನಾನ ತಗೊಂಡು ಬರತೀನಿ."

"ಬರೀ ಕೊಡ್ಲಿ ಅಂತ ಗೊತ್ತಾದ ಮ್ಯಾಲೂ ಇಡತೀರೇನ ದೊಡ್ಡಾಯಿ?"

"ಕೊಡ್ಲಿ ಕಂಡ್ರ ಸಿಡಿಲೂ ಅಂಜತದ ಬಿಡ."

ಆ ವರ್ಷ ಮಳೆ ಜೋರಾಗಿತ್ತು. ಗುಡುಗಿದಾಗಲೆಲ್ಲ ನಾನು ಫೋನು ಮಾಡುತ್ತಿದ್ದೆ. ಏನೂ ಆಗಿಲ್ಲ, ಫೋನಿಡು, ಒಲೆಯ ಮೇಲೆ ಸಾರಿದೆ ಎನ್ನುತ್ತಿದ್ದರು.

ದಸರಾ ಮುಗಿದ ವಾರ ಅವರ ಮಗ ರಿಕ್ಷಾದಿಂದ ಅವರನ್ನು ಇಳಿಸಿದ. ಕೈಯಲ್ಲಿ ಕಲ್ಲಿನ ಗಂಟು, ತಲೆಯ ತುಂಬ ಸೆರಗು. ಕುರ್ಚಿ ತರಲೇ ಎಂದು ನಿಮ್ಮ ಅಪ್ಪ ಕೇಳುತ್ತಿದ್ದ. ಅವರು ಅವನನ್ನು ದಾಟಿಕೊಂಡು, ನನ್ನನ್ನೂ ದಾಟಿಕೊಂಡು, ನೇರ ಅಡಿಗೆಮನೆಗೆ ಹೋದರು. ಡಬ್ಬಿಗಳನ್ನು ಒಂದೊಂದಾಗಿ ತೆರೆದು ನೋಡಿ, "ಇದೇನ ತಂಗಿ, ಸಾಸಿವಿ ಎಲ್ಲೈತಿ ಅನ್ನೂದು ಗೊತ್ತ ಆಗವಲ್ದು" ಎಂದು ಎಲ್ಲವನ್ನೂ ತಮಗೆ ಬೇಕಾದಂತೆ ಜೋಡಿಸತೊಡಗಿದರು. ಎರಡು ದಿನಕ್ಕೆಂದು ಬಂದವರು ದೀಪಾವಳಿ ಮಾಡಿಕೊಂಡೇ ಹೋದರು. ಡಬ್ಬಿಗಳನ್ನು ನಾನು ಇನ್ನೂ ಅವರು ಇಟ್ಟ ಹಾಗೆಯೇ ಇಟ್ಟಿದ್ದೇನೆ.