ಕ್ಲೆಮಾಟಿಸ್ ಬಳ್ಳಿಗೆ ಮೆಣಸಿನ ಮದ್ದು

ಬೆಳಿಗ್ಗೆ ಗಿಡಗಳಿಗೆ ನೀರು ಹಾಕಲು ಹೋದರೆ, ಗೇಟಿನ ಕಮಾನಿಗೆ ಹಬ್ಬಿದ್ದ ನನ್ನ ಕ್ಲೆಮಾಟಿಸ್ ಹೂಬಳ್ಳಿ ಬುಡದಿಂದ ತುದಿಯವರೆಗೆ ನೀಲಿಯಾಗಿತ್ತು. ಹೂವು ಬಿಟ್ಟು ನೀಲಿಯಾದದ್ದಲ್ಲ. ಕರಿಮೆಣಸಿಗೆ ಸೊರಗು ರೋಗ ಬಾರದಂತೆ ಹೊಡೆಯುವ ಬೋರ್ಡೋ ದ್ರಾವಣ ಎಲೆಗಳಿಂದ ತೊಟ್ಟಿಕ್ಕುತ್ತಿತ್ತು. ಅಕ್ಕ ಊಟಿಯಿಂದ ತಂದುಕೊಟ್ಟ ಬಳ್ಳಿ ಅದು. ನಮ್ಮೂರು ಅಮ್ಮತ್ತಿಯಲ್ಲಿ ಬೇರೆ ಯಾರ ಮನೆಯಲ್ಲೂ ನಾನು ಕಂಡಿಲ್ಲ. ಅಂತೂ ಮೊದಲ ಸಲ ಮೊಗ್ಗು ಕಟ್ಟಿತ್ತು. ಪಕ್ಕದಲ್ಲಿ ನಮ್ಮ ಯಜಮಾನರು ಬೆನ್ನಿಗೆ ಸ್ಪ್ರೇಯರ್ ಹೊತ್ತು ನಿಂತಿದ್ದರು.

“ಏನ್ರೀ ಇದು? ಇದ್ರಲ್ಲಿ ಮೆಣಸು ಬಿಡುತ್ತಾ?”

“ಎಲೆ ಬಾಡ್ತಿತ್ತು ಕಣೇ. ಸತ್ರೆ ನೀನು ಅಳ್ತಾ ಕೂರ್ತೀಯ ಅಂತ ಹೊಡ್ದೆ. ನಂಗೆ ಗೊತ್ತಿರೋ ಮದ್ದು ಇದೊಂದೇ.”

ಬಳ್ಳಿ ಒಣಗಿಹೋಯಿತು. ಮಳೆ ಹಿಡಿದ ಮೇಲೆ ಬುಡದಿಂದ ಒಂದು ಚಿಗುರು ಬಂತು. ಅದನ್ನು ಮೊದಲು ಕಂಡವರೂ ಅವರೇ. ನನ್ನನ್ನು ಕರೆಯುವಷ್ಟರಲ್ಲಿ, ಮೆಣಸಿನ ಬಳ್ಳಿಗೆ ಮಾಡುವಂತೆ, ಅದನ್ನು ಪಕ್ಕದ ಸಿಲ್ವರ್ ಓಕ್ ಮರಕ್ಕೆ ಕಟ್ಟಿಯೂ ಆಗಿತ್ತು.

ಈ ವರ್ಷ ಹೂವು ಬಿಟ್ಟಿದೆ, ಮರದ ಮೇಲೆ. ನನಗೆ ನೋಡಬೇಕೆನಿಸಿದಾಗ ಅವರು ಮೆಣಸು ಕೊಯ್ಯುವ ಏಣಿ ತಂದು ಒರಗಿಸಿ, ನಾನು ಇಳಿಯುವವರೆಗೂ ಹಿಡಿದುಕೊಂಡು ನಿಲ್ಲುತ್ತಾರೆ.